ಒಂದು ಟೆಸ್ಟ್ ‘ಡ್ರೈ ಐ ಇಲ್ಲ’ ಅಂತು, ಇನ್ನೊಂದು ‘ಇದೆ’ ಅಂತು: ಯಾವುದನ್ನು ನಂಬಬೇಕು?

ಪ್ರಶ್ನೆ: ಡಾಕ್ಟ್ರೇ, ನನಗೆ 47 ವರ್ಷ. ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದೇನೆ. ಒಂದು ವರ್ಷದಿಂದ ಎರಡೂ ಕಣ್ಣು ಉರಿಯುತ್ತವೆ. ಬೆಳಿಗ್ಗೆ ಏಳುವಾಗ ರೆಪ್ಪೆ ಅಂಟಿಕೊಂಡ ಹಾಗಿರುತ್ತದೆ. ಸಂಜೆ ಪೇಪರ್ ತಿದ್ದುವಾಗ ಮರಳು ಬಿದ್ದ ಹಾಗೆ ಚುಚ್ಚುತ್ತದೆ. ಅಕ್ಷರ ಮಂಜಾಗುತ್ತದೆ, ರೆಪ್ಪೆ ಬಡಿದರೆ ಮತ್ತೆ ಸರಿಯಾಗುತ್ತದೆ. ಸ್ಕೂಟಿ ಓಡಿಸುವಾಗಂತೂ ಕಣ್ಣಲ್ಲಿ ನೀರು ಸುರಿಯುತ್ತದೆ. ಮೊದಲು ತೋರಿಸಿದ ಡಾಕ್ಟರು ರೆಪ್ಪೆಯೊಳಗೆ ಕಾಗದದ ಪಟ್ಟಿ ಇಟ್ಟು, 18 ಮತ್ತು 21 ಬಂದಿದೆ, ಡ್ರೈ ಐ ಇಲ್ಲ ಅಂದರು. ಎರಡನೆಯವರು ಹಳದಿ ಬಣ್ಣ ಹಾಕಿ ನೋಡಿ, 4 ಸೆಕೆಂಡಿಗೇ ಒಡೆಯುತ್ತಿದೆ, ಡ್ರೈ ಐ ಇದೆ ಅಂದರು. ಬೆಂಗಳೂರಿಗೆ ಹೋದಾಗ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಾಲ್ಕು ಟೆಸ್ಟಿನ ಪ್ಯಾಕೇಜ್ ಮಾಡಿಸಿ, 6,500 ರೂಪಾಯಿ ಆಗುತ್ತೆ ಅಂದರು. ಯಾರನ್ನು ನಂಬಲಿ? ಇಷ್ಟು ನೀರು ಬರುವ ಕಣ್ಣು ಒಣಗಿದೆ ಅಂದರೆ ಹೇಗೆ? ನಮ್ಮತ್ತೆ ಇದು ಉಷ್ಣ, ನಂದಿಬಟ್ಟಲು ಹೂವಿನ ರಸ ಬಿಡು ಅಂತಾರೆ. ಸೀನು ಜಾಸ್ತಿ ಅಂತ ದಿನಾ ರಾತ್ರಿ ಒಂದು ಸೆಟಿರಿಜಿನ್ ತಗೊಳ್ತೀನಿ. ಕಣ್ಣು ಕೆಂಪಾದಾಗ ಹಿಂದೊಮ್ಮೆ ಬರೆದುಕೊಟ್ಟಿದ್ದ ಡ್ರಾಪ್ಸನ್ನೇ ಮೆಡಿಕಲ್ ಶಾಪಿನಿಂದ ತಂದು ಹಾಕ್ತೀನಿ. ಎರಡೇ ದಿನಕ್ಕೆ ಕಡಿಮೆ ಆಗುತ್ತೆ, ಆಮೇಲೆ ಮತ್ತೆ ಶುರು.

ಉತ್ತರ: ಒಬ್ಬರು ಇಲ್ಲ ಅಂದರು, ಇನ್ನೊಬ್ಬರು ಇದೆ ಅಂದರು, ಮೂರನೇ ಕಡೆ ದುಡ್ಡು ಕಟ್ಟಿ ಅಂದರು. ಹೀಗಾದಾಗ ಯಾರೋ ಒಬ್ಬರು ತಪ್ಪು ಹೇಳುತ್ತಿದ್ದಾರೆ ಅನ್ನಿಸುವುದು ಸಹಜ. ಆದರೆ ನೀವು ಬರೆದಿದ್ದನ್ನು ಓದಿದರೆ ಮೊದಲ ಇಬ್ಬರ ಅಳತೆಯೂ ಸರಿಯಾಗಿಯೇ ಇರಬಹುದು. ಅವರು ಅಳೆದದ್ದು ಬೇರೆ ಬೇರೆ. ಕಾಗದದ ಪಟ್ಟಿ ಕಣ್ಣೀರು ಎಷ್ಟು ಬರುತ್ತದೆ ಅಂತ ಹೇಳುತ್ತದೆ. ಹಳದಿ ಬಣ್ಣ ಆ ಕಣ್ಣೀರು ಕಣ್ಣಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಹೇಳುತ್ತದೆ. ನಿಮಗೆ ಕಣ್ಣೀರಿಗೆ ಬರ ಇಲ್ಲ, ಅದು ನಿಲ್ಲುತ್ತಿಲ್ಲ. ಮೊದಲನೆಯವರು ಅಳತೆ ಹೇಳಿ ಸುಮ್ಮನಿದ್ದರೆ ಸರಿ ಇತ್ತು. ಅದೊಂದನ್ನೇ ನೋಡಿ ‘ಡ್ರೈ ಐ ಇಲ್ಲ’ ಅಂದಿದ್ದು ಮಾತ್ರ ಅವಸರದ ತೀರ್ಮಾನ.

ಕಣ್ಣೀರು ಅಂದರೆ ಬರೀ ಉಪ್ಪುನೀರಲ್ಲ. ರೆಪ್ಪೆ ಬಡಿದಾಗಲೆಲ್ಲ ಕರಿಗುಡ್ಡೆಯ ಮೇಲೆ ಒಂದು ತೆಳ್ಳನೆಯ ಪದರ ಹರಡುತ್ತದೆ. ಅದರಲ್ಲಿ ನೀರಿದೆ, ನೀರನ್ನು ಕಣ್ಣಿಗೆ ಅಂಟಿಸಿಡುವ ಲೋಳೆ ಇದೆ, ಎಲ್ಲಕ್ಕಿಂತ ಮೇಲೆ ಒಂದು ಎಣ್ಣೆಯ ಪೊರೆ ಇದೆ. ಈ ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿರುವ ಮೈಬೋಮಿಯನ್ ಗ್ರಂಥಿಗಳಿಂದ. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಇರುತ್ತವೆ. ಎಣ್ಣೆ ಕಡಿಮೆಯಾದರೆ ನೀರು ಬೇಗ ಆರುತ್ತದೆ. ಕರಿಗುಡ್ಡೆಯ ನರಗಳು ಬಹಳ ಸೂಕ್ಷ್ಮ. ಒಂದು ಕಡೆ ಒಣಗಿದ ತಕ್ಷಣ ಉರಿ ಅಂತ ಸುದ್ದಿ ಕಳಿಸುತ್ತವೆ. ಆಗ ಕಣ್ಣೀರಿನ ದೊಡ್ಡ ಗ್ರಂಥಿ ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರು ಕೆನ್ನೆಗೆ ಇಳಿಯುತ್ತದೆಯೇ ಹೊರತು ಕಣ್ಣಿನ ಮೇಲೆ ನಿಲ್ಲುವುದಿಲ್ಲ. ಸ್ಕೂಟಿಯ ಗಾಳಿಗೆ ನಿಮಗೆ ಆಗುತ್ತಿರುವುದು ಇದೇ. ಅಕ್ಷರ ಮಂಜಾಗಿ ರೆಪ್ಪೆ ಬಡಿದರೆ ತಿಳಿಯಾಗುವುದೂ ಇದರಿಂದಲೇ. ಪದರ ಒಡೆದಾಗ ಮಂಜು, ಮತ್ತೆ ಹರಡಿದಾಗ ತಿಳಿ. ಇದಕ್ಕೆ ಕನ್ನಡಕದ ನಂಬರ್ ಬದಲಿಸಿ ಪ್ರಯೋಜನವಿಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು. ನೀರು ಬರುವ ಎಲ್ಲ ಕಣ್ಣೂ ಡ್ರೈ ಐ ಅಲ್ಲ. ಒಂದೇ ಕಣ್ಣಲ್ಲಿ, ಗಾಳಿ ಇರಲಿ ಬಿಡಲಿ, ಇಡೀ ದಿನ ನೀರು ಬರುತ್ತಿದ್ದರೆ, ಮೂಗಿನ ಪಕ್ಕದ ಮೂಲೆಯನ್ನು ಒತ್ತಿದಾಗ ಪಿಸುರು ಬಂದರೆ, ಮೂಗಿಗೆ ಹೋಗುವ ನಾಳ ಕಟ್ಟಿರಬಹುದು. ಅದಕ್ಕೆ ನೀರು ಹಾಯಿಸಿ ನೋಡುವ ‘ಸಿರಿಂಜಿಂಗ್’ ಬೇಕು. ನಿಮ್ಮ ವಿವರ ಆ ಥರ ಇಲ್ಲ.

ಈಗ ಟೆಸ್ಟ್‌ಗಳ ವಿಷಯಕ್ಕೆ ಬರೋಣ.

ಕಾಗದದ ಪಟ್ಟಿಯ ಹೆಸರು ಶಿರ್ಮರ್ ಟೆಸ್ಟ್. ಜರ್ಮನಿಯ ಕಣ್ಣಿನ ಡಾಕ್ಟರ್ ಓಟೊ ಶಿರ್ಮರ್ 1903ರಲ್ಲಿ ವಿವರಿಸಿದ್ದು ಇಂದಿಗೂ ಬಳಕೆಯಲ್ಲಿದೆ. 5 ಮಿಲಿಮೀಟರ್ ಅಗಲ, 35 ಮಿಲಿಮೀಟರ್ ಉದ್ದದ ಫಿಲ್ಟರ್ ಪೇಪರ್. ಅದರ ತುದಿ ಮಡಚಿ ಕೆಳ ರೆಪ್ಪೆಗೆ ಸಿಕ್ಕಿಸಿ, 5 ನಿಮಿಷದಲ್ಲಿ ಎಷ್ಟು ಉದ್ದ ಒದ್ದೆಯಾಯಿತು ಅಂತ ನೋಡುತ್ತಾರೆ. 5 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಬಂದರೆ, ಅದೂ ಮತ್ತೆ ಮಾಡಿದಾಗಲೂ ಹಾಗೇ ಬಂದರೆ, ಕಣ್ಣೀರಿನ ಗ್ರಂಥಿಯೇ ಸೋತಿದೆ ಎಂದು ಅನುಮಾನಿಸಬೇಕು. ಅಂಥವರಿಗೆ ಈ ಟೆಸ್ಟ್ ತುಂಬಾ ಉಪಯುಕ್ತ. ಆದರೆ ಕಾಗದವೇ ಕಣ್ಣಿಗೆ ಚುಚ್ಚುತ್ತದೆ, ಚುಚ್ಚಿದಾಗ ನೀರು ಬರುತ್ತದೆ. ಇವತ್ತು 12 ಬಂದದ್ದು ಮುಂದಿನ ವಾರ 20 ಆಗಬಹುದು. ಎಣ್ಣೆಯ ಕೊರತೆ ಇರುವವರಲ್ಲಿ ಇದು ಎಷ್ಟೋ ಸಲ ನಾರ್ಮಲ್ ಆಗಿಯೇ ಬರುತ್ತದೆ. ನಿಮ್ಮ 18 ಮತ್ತು 21 ಹೇಳುವುದು ಇಷ್ಟೇ: ನೀರಿನ ಗ್ರಂಥಿ ಕೆಲಸ ಮಾಡುತ್ತಿದೆ.

ಎರಡನೆಯವರು ಮಾಡಿದ್ದು ನನ್ನ ಪ್ರಕಾರ ಹೆಚ್ಚು ಮುಖ್ಯವಾದ ಪರೀಕ್ಷೆ. ಫ್ಲೋರೆಸಿನ್ ಎಂಬ ಬಣ್ಣದ ಪಟ್ಟಿಯನ್ನು ಒದ್ದೆ ಮಾಡಿ ಕಣ್ಣಿಗೆ ತಾಗಿಸುತ್ತೇವೆ. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಉಪಕರಣದ ನೀಲಿ ಬೆಳಕು ಬಿಟ್ಟಾಗ ಕಣ್ಣೀರಿನ ಪದರ ಇಡೀ ಹಸಿರಾಗಿ ಹೊಳೆಯುತ್ತದೆ. ರೆಪ್ಪೆ ಬಡಿಸಿ, ‘ಈಗ ಬಡಿಯಬೇಡಿ, ಹಾಗೇ ನೋಡ್ತಿರಿ’ ಅಂತ ಹೇಳಿ ಎಣಿಸುತ್ತೇವೆ. ಒಂದು, ಎರಡು, ಮೂರು... ಹಸಿರಿನ ನಡುವೆ ಒಂದು ಕಪ್ಪು ಚುಕ್ಕೆ ಮೂಡುತ್ತದೆ. ನೋಡನೋಡುತ್ತಲೇ ಗೆರೆಯಾಗಿ ಹರಡುತ್ತದೆ. ಪದರ ಒಡೆದದ್ದು ಅಲ್ಲಿ. ಮೂರು ಸಲ ಎಣಿಸಿ ಸರಾಸರಿ ತೆಗೆಯುವುದು ಒಳ್ಳೆಯ ರೂಢಿ. 10 ಸೆಕೆಂಡಿಗಿಂತ ಕಡಿಮೆ ಇದ್ದರೆ ಅನುಮಾನ, 5ಕ್ಕಿಂತ ಕೆಳಗೆ ಬಂದರೆ ಪದರ ನಿಲ್ಲುತ್ತಿಲ್ಲ ಎಂಬುದು ಬಹುಮಟ್ಟಿಗೆ ಖಚಿತ. ನಿಮ್ಮದು 4.

ಅದೇ ಬಣ್ಣ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಕರಿಗುಡ್ಡೆಯ ಮೇಲ್ಪದರ ಎಲ್ಲಿ ಸವೆದಿದೆಯೋ ಅಲ್ಲಿ ಹಸಿರು ಚುಕ್ಕೆಗಳಾಗಿ ಅಂಟಿಕೊಳ್ಳುತ್ತದೆ. ಚುಕ್ಕೆ ಎಲ್ಲಿವೆ ಅನ್ನುವುದೇ ಒಂದು ಸುಳಿವು. ಕೆಳಭಾಗದಲ್ಲಿ ಪಟ್ಟಿಯಂತಿದ್ದರೆ ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚುತ್ತಿಲ್ಲವೇನೋ ಅಂತ ಕೇಳುತ್ತೇವೆ. ಎಲ್ಲ ಕಡೆ ಹರಡಿದ್ದರೆ ಹಾಕುತ್ತಿರುವ ಡ್ರಾಪ್ಸೇ ಕಾರಣವಿರಬಹುದು. ಕಣ್ಣಿನ ಬಿಳಿ ಭಾಗ ನೋಡಲು ಲಿಸಮಿನ್ ಗ್ರೀನ್ ಎಂಬ ಬೇರೆ ಬಣ್ಣ ಇದೆ.

2017ರಲ್ಲಿ ಪ್ರಕಟವಾದ ‘ಡ್ಯೂಸ್ 2’ ಎಂಬ ಅಂತಾರಾಷ್ಟ್ರೀಯ ತಜ್ಞರ ವರದಿ, ಡ್ರೈ ಐ ಅಂತ ಹೇಳಲು ಎರಡು ವಿಷಯ ಬೇಕು ಎಂದಿತು. ಒಂದು, ರೋಗಿಯ ತೊಂದರೆ, ಅದೂ ಪ್ರಶ್ನಾವಳಿಯಲ್ಲಿ ಅಂಕ ಕೊಟ್ಟು ಅಳೆದದ್ದು. ಇನ್ನೊಂದು, ಈ ಮೂರರಲ್ಲಿ ಒಂದಾದರೂ ಹದ ತಪ್ಪಿರಬೇಕು: ಪದರ ನಿಲ್ಲುವ ಹೊತ್ತು, ಕಣ್ಣೀರಿನ ಉಪ್ಪಿನಂಶ, ಬಣ್ಣ ಅಂಟುವ ಚುಕ್ಕೆಗಳು. ಗಮನಿಸಿ, ಈ ಮೂರರಲ್ಲಿ ಶಿರ್ಮರ್ ಇಲ್ಲ. ಪ್ರಶ್ನಾವಳಿ ಅಂದೆನಲ್ಲ, ಅದು ಕಾಟಾಚಾರಕ್ಕೆ ತುಂಬುವ ಫಾರಂ ಅಲ್ಲ. ಬಹಳ ಕಡೆ ಬಳಸುವ ‘ಓಎಸ್‌ಡಿಐ’ಯಲ್ಲಿ 12 ಪ್ರಶ್ನೆ ಇರುತ್ತವೆ, 100ಕ್ಕೆ 13 ಅಥವಾ ಹೆಚ್ಚು ಬಂದರೆ ಮುಂದಿನ ಪರೀಕ್ಷೆ ಬೇಕು. ಇವತ್ತಿನ ಅಂಕ ಬರೆದಿಟ್ಟರೆ ಮೂರು ತಿಂಗಳ ಮೇಲೆ ಗುಣ ಕಾಣುತ್ತಿದೆಯಾ ಅಂತ ತಾಳೆ ನೋಡಬಹುದು. ಡ್ರೈ ಐನಲ್ಲಿ ನೋವಿಗೂ ಟೆಸ್ಟ್ ಅಂಕಿಗೂ ಹೊಂದಾಣಿಕೆ ಅಷ್ಟಕ್ಕಷ್ಟೆ. ಕೆಲವರ ಕಣ್ಣಿಗೆ ಚುಕ್ಕೆ ತುಂಬಿರುತ್ತವೆ, ಏನೂ ತೊಂದರೆಯಿಲ್ಲ ಅಂತಾರೆ. ಇನ್ನು ಕೆಲವರು ಉರಿ ತಾಳಲಾರದೆ ಅಳುತ್ತಾರೆ, ಕಣ್ಣು ಮಾತ್ರ ಸ್ವಚ್ಛವಾಗಿ ಕಾಣುತ್ತದೆ. ಎರಡನೆಯ ಗುಂಪಿನವರಿಗೆ ‘ನಿಮಗೇನೂ ಆಗಿಲ್ಲ’ ಎಂದು ಕಳಿಸಿಬಿಡುವುದನ್ನು ನಾನು ಒಪ್ಪುವುದಿಲ್ಲ. ಅವರಲ್ಲಿ ಕೆಲವರಿಗೆ ತೊಂದರೆ ಇರುವುದು ಕಣ್ಣಿನ ನರಗಳಲ್ಲಿ. ಮರಗಟ್ಟಿಸುವ ಡ್ರಾಪ್ಸ್ ಒಂದು ಹನಿ ಹಾಕಿದ ಮೇಲೂ ನೋವು ಹಾಗೇ ಉಳಿದರೆ ಆ ದಾರಿಯಲ್ಲಿ ಯೋಚಿಸಬೇಕು. ಆ ಡ್ರಾಪ್ಸ್ ಪರೀಕ್ಷೆಗೆ ಮಾತ್ರ, ಮನೆಗೆ ತಂದು ಹಾಕಿಕೊಂಡರೆ ಕರಿಗುಡ್ಡೆಯೇ ಹಾಳಾಗುತ್ತದೆ.

ನಿಮ್ಮ ಪತ್ರದಲ್ಲಿ ಒಂದು ಪರೀಕ್ಷೆಯ ಹೆಸರೇ ಇಲ್ಲ. ಯಾರಾದರೂ ನಿಮ್ಮ ರೆಪ್ಪೆಯ ಅಂಚನ್ನು ಒತ್ತಿ ನೋಡಿದರಾ? ಸ್ಲಿಟ್ ಲ್ಯಾಂಪಿನಲ್ಲಿ ನೋಡುತ್ತಾ ಕೆಳ ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ, ರೆಪ್ಪೆಗೂದಲಿನ ಹಿಂದೆ ಸಾಲಾಗಿರುವ ಸಣ್ಣ ಬಾಯಿಗಳಿಂದ ಎಣ್ಣೆ ಹೊರಗೆ ಬರಬೇಕು. ಆರೋಗ್ಯವಂತ ರೆಪ್ಪೆಯಲ್ಲಿ ಅದು ತಿಳಿಯಾಗಿ, ಸುಲಭವಾಗಿ ಬರುತ್ತದೆ. ತೊಂದರೆ ಇರುವವರಲ್ಲಿ ಚಳಿಗಾಲದ ತುಪ್ಪದ ಹಾಗೆ ಗಟ್ಟಿಯಾಗಿ, ಬೆಳ್ಳಗೆ ಬರುತ್ತದೆ, ಇಲ್ಲವೇ ಎಷ್ಟು ಒತ್ತಿದರೂ ಬರುವುದೇ ಇಲ್ಲ. ಇದಕ್ಕೆ ಬೇಕಾದದ್ದು ಒಂದು ಬೆರಳು, ಒಂದು ನಿಮಿಷ. ಅವಸರದ ಓಪಿಡಿಯಲ್ಲಿ ಬಿಟ್ಟುಹೋಗುವುದೂ ಇದೇ. ಬೆಳಿಗ್ಗೆ ರೆಪ್ಪೆ ಅಂಟುವುದು, ಶಿರ್ಮರ್ ಚೆನ್ನಾಗಿದ್ದೂ ಪದರ 4 ಸೆಕೆಂಡಿಗೆ ಒಡೆಯುವುದು, ಇದನ್ನೆಲ್ಲ ಸೇರಿಸಿ ನೋಡಿದರೆ ನನಗೆ ಮೊದಲ ಅನುಮಾನ ಈ ಗ್ರಂಥಿಗಳ ಮೇಲೆಯೇ. ಕಣ್ಣು ನೋಡದೆ ಖಚಿತವಾಗಿ ಹೇಳಲಾರೆ. ಮುಂದಿನ ಸಲ ಹೋದಾಗ ‘ಮೈಬೋಮಿಯನ್ ಗ್ರಂಥಿ ಒತ್ತಿ ನೋಡ್ತೀರಾ’ ಅಂತ ಕೇಳಿ. ಕೇಳಲು ಸಂಕೋಚ ಬೇಡ.

ಅದೇ ಹೊತ್ತಿಗೆ ರೆಪ್ಪೆಗೂದಲಿನ ಬುಡವನ್ನೂ ನೋಡಲಿ. ಅಲ್ಲಿ ಕೂದಲಿನ ಸುತ್ತ ಕೊಳವೆಯಂತೆ ಹೊಟ್ಟು ಅಂಟಿದ್ದರೆ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ಹುಳುವಿನ ಕಾಟ. ಅದರ ಚಿಕಿತ್ಸೆ ಬೇರೆ. ಮೇಲಿನ ರೆಪ್ಪೆಯನ್ನು ಮಗುಚಿಯೂ ನೋಡಬೇಕು. ನಿಮಗೆ ಸೀನು ಇದೆ ಅಂದಿರಿ, ಅಲರ್ಜಿ ಇದ್ದರೆ ಒಳಗೆ ಸಣ್ಣ ಗುಳ್ಳೆಗಳು ಕಾಣುತ್ತವೆ. ಅಲರ್ಜಿಯ ಮುಖ್ಯ ಲಕ್ಷಣ ತುರಿಕೆ, ಡ್ರೈ ಐನದು ಉರಿ ಮತ್ತು ಚುಚ್ಚುವಿಕೆ. ಎರಡೂ ಒಟ್ಟಿಗೆ ಇರುವವರೂ ಬೇಕಾದಷ್ಟಿದ್ದಾರೆ.

ಇನ್ನು 6,500 ರೂಪಾಯಿಯ ಪ್ಯಾಕೇಜ್. ನಾಲ್ಕು ಟೆಸ್ಟ್ ಯಾವುವು ಅಂತ ನೀವು ಬರೆದಿಲ್ಲ. ಸಾಮಾನ್ಯವಾಗಿ ಇಂಥದ್ದರಲ್ಲಿ ಇರುವವನ್ನು ಹೇಳುತ್ತೇನೆ. ಮೈಬೋಗ್ರಫಿ ಅಂದರೆ ಇನ್‌ಫ್ರಾರೆಡ್ ಕ್ಯಾಮೆರಾದಿಂದ ರೆಪ್ಪೆಯೊಳಗಿನ ಗ್ರಂಥಿಗಳ ಫೋಟೊ. ಎಷ್ಟು ಗ್ರಂಥಿ ಉಳಿದಿವೆ ಅಂತ ಕಣ್ಣಾರೆ ತೋರಿಸುತ್ತದೆ. ಉಳಿದವು ಎಣ್ಣೆ ಬಿಡುತ್ತಿವೆಯೋ ಇಲ್ಲವೋ ಅನ್ನುವುದಕ್ಕೆ ಮತ್ತೆ ಬೆರಳೇ ಬೇಕು. ಆಸ್ಮೊಲಾರಿಟಿ ಕಣ್ಣೀರಿನ ಉಪ್ಪಿನಂಶದ ಅಳತೆ. ಲೀಟರಿಗೆ 308 ಮಿಲಿಆಸ್ಮೋಲ್ ಅಥವಾ ಹೆಚ್ಚು ಬಂದರೆ, ಇಲ್ಲವೇ ಎರಡು ಕಣ್ಣಿನ ನಡುವೆ 8ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಡ್ರೈ ಐ ಕಡೆಗೆ ಬೊಟ್ಟು ಮಾಡುತ್ತದೆ. ಆದರೆ ಹೊತ್ತು ಹೊತ್ತಿಗೆ ಏರುಪೇರಾಗುತ್ತದೆ. ಕಣ್ಣೀರಿನಲ್ಲಿ ಎಂಎಂಪಿ-9 ಎಂಬ ಕಿಣ್ವವನ್ನು ಹುಡುಕುವ ಟೆಸ್ಟ್ 10 ನಿಮಿಷದಲ್ಲಿ ಉರಿಯೂತ ಇದೆಯಾ ಅಂತ ಹೇಳುತ್ತದೆ, ಯಾಕೆ ಇದೆ ಅಂತ ಹೇಳುವುದಿಲ್ಲ. ಅಲರ್ಜಿಯಲ್ಲೂ, ಸೋಂಕಿನಲ್ಲೂ ಅದು ಪಾಸಿಟಿವ್ ಬರಬಹುದು. ಇವು ಮೋಸದ ಟೆಸ್ಟ್‌ಗಳಲ್ಲ, ನಾನೂ ಬೇಕಾದವರಿಗೆ ಬರೆಯುತ್ತೇನೆ. ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ರಿಸಲ್ಟ್ ಹೇಗೆ ಬಂದರೆ ನನ್ನ ಟ್ರೀಟ್‌ಮೆಂಟ್ ಹೇಗೆ ಬದಲಾಗುತ್ತೆ?’ ಹೇಗೇ ಬಂದರೂ ಬಿಸಿ ಶಾಖ ಮತ್ತು ಕಣ್ಣೀರಿನ ಡ್ರಾಪ್ಸ್‌ನಿಂದಲೇ ಶುರು ಅಂತಾದರೆ ಈಗ ಆ ಖರ್ಚು ಬೇಡ. ಎರಡು ಮೂರು ತಿಂಗಳಾದರೂ ಗುಣ ಕಾಣದಿದ್ದರೆ, ಕನ್ನಡಕ ಬಿಡಿಸುವ ಲೇಸಿಕ್ ಅಥವಾ ಕಣ್ಣಿನ ಪೊರೆಯ (ಕ್ಯಾಟರಾಕ್ಟ್) ಆಪರೇಷನ್ ಮುಂದಿದ್ದರೆ, ದುಬಾರಿ ಚಿಕಿತ್ಸೆಗೆ ಕೈ ಹಾಕುವ ಮೊದಲು, ಆಗ ಮಾಡಿಸಿ. ಬಣ್ಣದ ಪರೀಕ್ಷೆ, ಶಿರ್ಮರ್, ರೆಪ್ಪೆ ಒತ್ತಿ ನೋಡುವುದು, ಇವಿಷ್ಟಕ್ಕೆ ದೊಡ್ಡ ಮೆಷಿನ್ ಬೇಕಿಲ್ಲ.

ಟೆಸ್ಟಿಗೆ ಹೋಗುವ ದಿನ ಕಾಡಿಗೆ, ಐಲೈನರ್ ಹಚ್ಚಬೇಡಿ. ಹೋಗುವ ಎರಡು ಗಂಟೆ ಮೊದಲಿನಿಂದ ಯಾವ ಡ್ರಾಪ್ಸೂ ಬೇಡ, ನಿಲ್ಲಿಸಬಾರದು ಅಂತ ಡಾಕ್ಟರು ಹೇಳಿರುವುದನ್ನು ಹೊರತುಪಡಿಸಿ. ಟೆಸ್ಟ್‌ಗಳ ಕ್ರಮವೂ ಮುಖ್ಯ. ಕಣ್ಣು ಮುಟ್ಟದೆ ಮಾಡುವವು ಮೊದಲು, ಆಮೇಲೆ ಬಣ್ಣ, ಕೊನೆಗೆ ಶಿರ್ಮರ್ ಮತ್ತು ರೆಪ್ಪೆ ಒತ್ತುವುದು. ಮೊದಲೇ ಕಾಗದ ಚುಚ್ಚಿ ನೀರು ಬರಿಸಿದರೆ ಮುಂದಿನ ಅಂಕಿಗಳೆಲ್ಲ ಕೆಡುತ್ತವೆ.

ನೀವು ಕೇಳದೆ ಇದ್ದರೂ ನಾನು ಕೇಳಲೇಬೇಕಾದ ಪ್ರಶ್ನೆಗಳಿವೆ. ಬಾಯಿ ಒಣಗುತ್ತದಾ? ಚಪಾತಿ ನುಂಗಲು ಮಧ್ಯೆ ನೀರು ಕುಡಿಯಬೇಕಾಗುತ್ತದಾ? ಬೆಳಿಗ್ಗೆ ಬೆರಳಿನ ಕೀಲು ಬಿಗಿಯುತ್ತದಾ? ಹೌದು ಅಂದರೆ ಶೋಗ್ರೆನ್ ಕಾಯಿಲೆಯನ್ನು ಹುಡುಕಬೇಕು. ದೇಹದ ರಕ್ಷಣಾ ವ್ಯವಸ್ಥೆ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳನ್ನೇ ಹಾಳು ಮಾಡುವ ಕಾಯಿಲೆ ಅದು. ನಿಮ್ಮ ವಯಸ್ಸಿನ ಹೆಂಗಸರಲ್ಲೇ ಜಾಸ್ತಿ. ರಕ್ತದಲ್ಲಿ ‘ಆಂಟಿ ಎಸ್ಎಸ್ಎ’ ಎಂಬ ಪ್ರತಿಕಾಯ ಇದೆಯಾ ನೋಡುತ್ತಾರೆ, ಅನುಮಾನ ಉಳಿದರೆ ಕೆಳತುಟಿಯ ಒಳಗಿನಿಂದ ಸಣ್ಣ ಬಯಾಪ್ಸಿ ತೆಗೆಯುತ್ತಾರೆ. ನಿಮ್ಮ ಶಿರ್ಮರ್ ಚೆನ್ನಾಗಿರುವುದರಿಂದ ಸಾಧ್ಯತೆ ಕಡಿಮೆ. ಆದರೂ ಬಾಯಿ ಒಣಗುವುದೂ ಇದ್ದರೆ ಸುಮ್ಮನಿರಬೇಡಿ, ಸಂಧಿವಾತ ತಜ್ಞರನ್ನು ನೋಡಿ. ಮುಟ್ಟು ಏರುಪೇರಾಗುವ ವಯಸ್ಸಿನಲ್ಲಿ ಹಾರ್ಮೋನ್ ಬದಲಾವಣೆಯಿಂದಲೂ ಕಣ್ಣು ಒಣಗುತ್ತದೆ.

ಮಾತ್ರೆ, ಡ್ರಾಪ್ಸ್ ವಿಷಯವನ್ನು ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನಾನಾದರೆ ಅದನ್ನು ಮೊದಲು ಬರೆಯುತ್ತಿದ್ದೆ. ಸೆಟಿರಿಜಿನ್ ಥರದ ಅಲರ್ಜಿ ಮಾತ್ರೆ ಕಣ್ಣೀರನ್ನು ಕಡಿಮೆ ಮಾಡಬಹುದು. ಸೀನಿಗೆ ದಿನಾ ಮಾತ್ರೆಯ ಬದಲು ಮೂಗಿನ ಸ್ಪ್ರೇ ಸಾಕಾಗುತ್ತದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಇನ್ನು ಎರಡೇ ದಿನಕ್ಕೆ ಕೆಂಪು ಇಳಿಸುವ ಆ ಡ್ರಾಪ್ಸ್. ಬಾಟಲಿಯ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸಲೋನ್, ಲೋಟೆಪ್ರೆಡ್ನಾಲ್, ಫ್ಲೋರೊಮೆಥಲೋನ್ ಎಂಬ ಹೆಸರಿದ್ದರೆ ಅದು ಸ್ಟಿರಾಯ್ಡ್. ನಾವೂ ಅದನ್ನು ಬರೆಯುತ್ತೇವೆ, ಕೆಲವು ವಾರಕ್ಕೆ, ಕಣ್ಣಿನ ಒತ್ತಡ ನೋಡಿಕೊಂಡು. ಮೆಡಿಕಲ್ ಶಾಪಿನಿಂದ ನೀವೇ ತಂದು ಮತ್ತೆ ಮತ್ತೆ ಹಾಕಿದರೆ ನೋವೇ ಇಲ್ಲದೆ ಒತ್ತಡ ಏರಿ ಕಣ್ಣಿನ ನರ ಸಾಯಬಹುದು. ಅದು ಗ್ಲಾಕೋಮಾ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಕ್ಯಾಟರಾಕ್ಟ್ ಪೊರೆಯೂ ಬೇಗ ಬರುತ್ತದೆ. ಈ ಪತ್ರದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಇದೊಂದೇ. ದಯವಿಟ್ಟು ಆ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ, ಈ ವಾರವೇ ಒತ್ತಡ ಅಳೆಸಿ.

ಅತ್ತೆಯವರ ಕಾಳಜಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೂವಿನ ರಸ ಕಣ್ಣಿಗೆ ಬಿಡಬೇಡಿ. ಹೂವಿನ ಮೇಲೆ, ಕೈ ಮೇಲೆ ಇರುವ ಬೂಸ್ಟು ಮತ್ತು ಬ್ಯಾಕ್ಟೀರಿಯಾ ಸವೆದ ಕರಿಗುಡ್ಡೆಗೆ ತಾಗಿದರೆ ಹುಣ್ಣಾಗಬಹುದು. ಜೇನುತುಪ್ಪ, ಎದೆಹಾಲು, ಪನ್ನೀರಿಗೂ ಇದೇ ಮಾತು. ಉಷ್ಣ ಅಂತ ತಣ್ಣೀರು ಎರಚುತ್ತಾ ಇರುವುದರಿಂದಲೂ ಉಪಯೋಗವಿಲ್ಲ, ನಲ್ಲಿ ನೀರು ಇದ್ದಬದ್ದ ಎಣ್ಣೆಯ ಪೊರೆಯನ್ನೂ ತೊಳೆಯುತ್ತದೆ. ಮೀನೆಣ್ಣೆ ಮಾತ್ರೆಯ ಬಗ್ಗೆಯೂ ಬಹಳ ಜನ ಕೇಳುತ್ತಾರೆ. 2018ರಲ್ಲಿ ಪ್ರಕಟವಾದ ‘ಡ್ರೀಮ್’ ಎಂಬ ಅಮೆರಿಕದ ಅಧ್ಯಯನದಲ್ಲಿ ಒಂದು ವರ್ಷ ದಿನಕ್ಕೆ 3 ಗ್ರಾಂ ಒಮೆಗಾ-3 ಕೊಟ್ಟರೂ ಆಲಿವ್ ಎಣ್ಣೆಯ ಮಾತ್ರೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಹಾಗಾದರೆ ಮಾಡುವುದೇನು? ಗ್ರಂಥಿಯ ತೊಂದರೆಯೇ ಅಂತ ಖಚಿತವಾದರೆ ಮೊದಲ ಮದ್ದು ಬಿಸಿ ಶಾಖ. ಗಟ್ಟಿಯಾದ ಎಣ್ಣೆ ಕರಗಲು 40 ಡಿಗ್ರಿಯ ಆಸುಪಾಸಿನ ಬಿಸಿ ಐದರಿಂದ ಹತ್ತು ನಿಮಿಷ ನಿಲ್ಲಬೇಕು. ಒದ್ದೆ ಬಟ್ಟೆ ಒಂದೆರಡು ನಿಮಿಷಕ್ಕೇ ಆರಿಹೋಗುತ್ತದೆ, ಮತ್ತೆ ಮತ್ತೆ ಅದ್ದಬೇಕು. ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ, ಸುಟ್ಟುಕೊಳ್ಳಬೇಡಿ. ಆಮೇಲೆ ಕಣ್ಣು ಮುಚ್ಚಿ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಮೆಲ್ಲಗೆ ನೀವಿ, ಗುಡ್ಡೆಯನ್ನು ಒತ್ತಬೇಡಿ. ದಿನಕ್ಕೆ ಎರಡು ಸಲ ಮಾಡಿದರೆ ನಾಲ್ಕರಿಂದ ಆರು ವಾರದಲ್ಲಿ ವ್ಯತ್ಯಾಸ ತಿಳಿಯುತ್ತದೆ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಥವಾ ಹಯಲುರೋನೇಟ್ ಇರುವ ಕಣ್ಣೀರಿನ ಡ್ರಾಪ್ಸ್ ಜೊತೆಗಿರಲಿ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾದರೆ ಕೆಡದಂತೆ ಸೇರಿಸುವ ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಿ. ಸುಮ್ಮನೆ ಕೂತಿರುವಾಗ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುವ ನಾವು, ಮೊಬೈಲ್ ನೋಡುವಾಗ ಅರ್ಧದಷ್ಟೂ ಬಡಿಯುವುದಿಲ್ಲ. ಪೇಪರ್ ತಿದ್ದುವಾಗಲೂ ಹಾಗೇ. ಒಂದೊಂದು ಪೇಪರ್ ಮುಗಿದಾಗ ಎರಡು ಸಲ ಪೂರ್ತಿ ಕಣ್ಣು ಮುಚ್ಚಿ ತೆರೆಯಿರಿ. ಸ್ಕೂಟಿಯಲ್ಲಿ ಹೆಲ್ಮೆಟಿನ ಗಾಜು ಇಳಿಸಿ. ರಾತ್ರಿ ಫ್ಯಾನ್ ಗಾಳಿ ನೇರ ಮುಖಕ್ಕೆ ಬೇಡ.

ಇಷ್ಟಕ್ಕೂ ಜಗ್ಗದಿದ್ದರೆ ಮುಂದಿನ ಹಂತ. ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಎಂಬ ಆಂಟಿಬಯಾಟಿಕ್‌ಗಳು ಗ್ರಂಥಿಯ ಉರಿಯೂತ ಇಳಿಸುತ್ತವೆ. ಹೊಟ್ಟೆ ಕೆಡಬಹುದು, ಡಾಕ್ಸಿಸೈಕ್ಲಿನ್‌ನಿಂದ ಬಿಸಿಲಿಗೆ ಚರ್ಮ ಉರಿಯಬಹುದು. ಉರಿಯೂತ ಇಳಿಸುವ ಸೈಕ್ಲೋಸ್ಪೋರಿನ್ ಡ್ರಾಪ್ಸ್ ಸ್ಟಿರಾಯ್ಡ್ ಹಾಗೆ ಒತ್ತಡ ಏರಿಸುವುದಿಲ್ಲ, ಆದರೆ ಮೊದಮೊದಲು ಉರಿಯುತ್ತದೆ, ಫಲ ಕಾಣಲು ತಿಂಗಳುಗಳೇ ಬೇಕು. ಅರ್ಧಕ್ಕೆ ಬಿಟ್ಟು ‘ಕೆಲಸ ಮಾಡಲಿಲ್ಲ’ ಅನ್ನುವವರೇ ಹೆಚ್ಚು. ಕಣ್ಣೀರು ಮೂಗಿಗೆ ಇಳಿದುಹೋಗದಂತೆ ರೆಪ್ಪೆಯ ಮೂಲೆಯ ರಂಧ್ರಕ್ಕೆ ಇಡುವ ಪ್ಲಗ್, ನೀರು ಸಾಕಷ್ಟಿರುವ ನಿಮಗೆ ಈಗಂತೂ ಬೇಡ. ಕಣ್ಣಿನ ಸುತ್ತಲಿನ ಚರ್ಮಕ್ಕೆ ತೀವ್ರ ಬೆಳಕು ಬಿಡುವ ‘ಐಪಿಎಲ್’ ಚಿಕಿತ್ಸೆ ಕೆಲವರಿಗೆ ಒಳ್ಳೆಯ ಗುಣ ಕೊಡುತ್ತದೆ, ಆದರೆ ದುಬಾರಿ. ನಮ್ಮಂಥ ಕಂದು ಚರ್ಮಕ್ಕೆ ಸುಟ್ಟ ಕಲೆ ಬೀಳುವ ಅಪಾಯ ಜಾಸ್ತಿ. ಬಣ್ಣಕ್ಕೆ ತಕ್ಕ ಹಾಗೆ ಮೆಷಿನ್ ಹೊಂದಿಸುವ ಅನುಭವ ಇರುವವರ ಹತ್ತಿರ ಮಾತ್ರ ಮಾಡಿಸಿ.

ಬೆಳಕು ನೋಡಲಾಗದಷ್ಟು ನೋವು, ದೃಷ್ಟಿ ಮಂಜಾಗಿ ರೆಪ್ಪೆ ಬಡಿದರೂ ತಿಳಿಯಾಗದಿರುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಒಂದೇ ಕಣ್ಣು ದಿಢೀರನೆ ಕೆಂಪಾಗುವುದು, ಇವುಗಳಲ್ಲಿ ಒಂದು ಕಂಡರೂ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅದೇ ದಿನ ಹತ್ತಿರದ ಕಣ್ಣಿನ ಡಾಕ್ಟರಿಗೆ ತೋರಿಸಿ.